ಎಡಗಣ್ಣಿನ ನಂಬರ್

ಹನ್ನೊಂದು ಕನ್ನಡಕ ವಾಪಸು ಬಂದಿದ್ದವು. ಹನ್ನೊಂದರಲ್ಲೂ ಬಲಗಣ್ಣಿನ ಗಾಜು ಸರಿ, ಎಡಗಣ್ಣಿನದು ತಪ್ಪು. ಹನ್ನೊಂದನ್ನೂ ಉಜ್ಜಿದವನು ನನ್ನ ಸೋದರಮಾವ. ವಿಷಯ ಇಷ್ಟೇ ಆಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಇದರಲ್ಲಿ ನಾನು ಮಾಡಿದ ಘನಂದಾರಿ ಕೆಲಸವೂ ಇದೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದು ಕನ್ನಡಕದ ಗಾಜಿನ ಕಾರ್ಖಾನೆ. ಅಂಗಡಿಯವರು ಗಿರಾಕಿಯ ಎರಡೂ ಕಣ್ಣಿನ ನಂಬರ್ ಬರೆದು ಆರ್ಡರ್ ಕಳಿಸುತ್ತಾರೆ. ನಾವು ಆ ನಂಬರಿಗೆ ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ ಕಳಿಸುತ್ತೇವೆ. ಕೆಳಗಿನ ಮಹಡಿಯಲ್ಲಿ ಎಂಟು ಯಂತ್ರಗಳಿವೆ. ಮೂರನೆಯದರ ಮುಂದೆ ಮಾವ ಮೂವತ್ತನಾಲ್ಕು ವರ್ಷದಿಂದ ಕೂತಿದ್ದಾನೆ. ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ಹೋದರು. ಆಮೇಲೆ ನನ್ನನ್ನು ಓದಿಸಿದವನು ಮಾವನೇ, ಇಲ್ಲಿ ಕೆಲಸ ಖಾಲಿ ಇದೆ ಅರ್ಜಿ ಹಾಕು ಎಂದವನೂ ಅವನೇ. ಅವನು ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಅಮ್ಮ, ಮಾವ, ನಾನು ಮೂರು ಜನ ಒಂದೇ ಮನೆಯಲ್ಲಿದ್ದೇವೆ.

ನಾನು ಮೇಲಿನ ಮಹಡಿಯಲ್ಲಿ ಪ್ರೋಗ್ರಾಂ ಬರೆಯುವವಳು. ಕಪ್ಪು ಪರದೆ, ಹಸಿರು ಅಕ್ಷರ, ನನಗಿಂತ ವಯಸ್ಸಾದ ಕೋಬಾಲ್ ಭಾಷೆ. ಒಂದು ಕಾಲಕ್ಕೆ ಏಳು ಜನ ಇದ್ದೆವು. ಒಬ್ಬೊಬ್ಬರೇ ನಿವೃತ್ತರಾಗಿ ಈಗ ನಾನು ಮತ್ತು ಹೋದ ವರ್ಷ ಸೇರಿದ ಒಬ್ಬ ಹುಡುಗಿ, ಇಬ್ಬರೇ. ಅಳಿದೂರಿಗೆ ಉಳಿದವಳೇ ಗೌಡತಿ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಹೇಳುತ್ತಾರೆ. ಹೇಳಿಕೊಳ್ಳಲಿ, ಮೂಗು ನನ್ನದು.

ಕೆಳಗೆ ಕೆಲಸ ನಡೆಯುವುದು ಹೀಗೆ. ಪ್ರತಿ ಯಂತ್ರದ ಪಕ್ಕ ಒಂದು ಚಿಕ್ಕ ಪರದೆ ಇದೆ. ಆರ್ಡರಿನ ಗಾಜುಗಳಿರುವ ಟ್ರೇಯ ನಂಬರ್ ಒತ್ತಿದರೆ ಬಲಗಣ್ಣಿಗೆ ಎಷ್ಟು, ಎಡಗಣ್ಣಿಗೆ ಎಷ್ಟು ಎಂದು ತೋರಿಸುತ್ತದೆ. ಗಾಜು ಉಜ್ಜಿದವನೇ ಅದನ್ನು ಅಳೆಯುವ ಮೀಟರಿನಲ್ಲಿಟ್ಟು, ಪರದೆಯ ನಂಬರಿಗೆ ತಾಳೆ ನೋಡಿ, ಸರಿಯಿದ್ದರೆ ಮುಗಿಯಿತು ಎಂದು ಗುಂಡಿ ಒತ್ತುತ್ತಾನೆ. ಒತ್ತಿದ ಕೂಡಲೇ ಆ ಆರ್ಡರ್ ಪರದೆಯಿಂದ ಹೋಗುತ್ತದೆ, ಕಾಗದದ ಚೀಟಿ ಯಾವುದೂ ಇಲ್ಲ. ದೂರು ಬಂದಾಗ ಸೂಪರ್‌ವೈಸರ್ ತನ್ನ ಕೋಣೆಯ ಕಂಪ್ಯೂಟರಿನಲ್ಲಿ ಅದನ್ನು ಮತ್ತೆ ತೆಗೆದು ನೋಡುತ್ತಾನೆ. ಅಲ್ಲಿ ಮೈನಸ್ ಎರಡೂಮುಕ್ಕಾಲು ಎಂದಿದ್ದರೆ ಮಾವ ಎರಡೂಕಾಲು ಉಜ್ಜಿರುತ್ತಿದ್ದ. ಒಂದರಲ್ಲಿ ಕಾಲು ಹೆಚ್ಚು, ಇನ್ನೊಂದರಲ್ಲಿ ಅರ್ಧ ಕಡಿಮೆ. ನೋಡಿದವರಿಗೆ ಓದುವುದರಲ್ಲಿ ತಪ್ಪಿದ ಹಾಗೇ ಕಾಣುತ್ತಿತ್ತು.

ಎಡಗಡೆಯ ಗಾಜೇ ಏಕೆ ತಪ್ಪುತ್ತದೆ ಎಂದು ಯಾರಾದರೂ ಯೋಚಿಸಬೇಕಿತ್ತು. ಅಯ್ಯೋ, ಯೋಚಿಸಿದರು! ಪಾಲಿಶ್ ವಿಭಾಗದವನೊಬ್ಬ, "ಅವರ ಎಡಗಣ್ಣು ಮಂದ ಆಗಿದೆ, ಅದಕ್ಕೇ ಎಡಗಡೆ ಗಾಜು ತಪ್ತಿದೆ" ಎಂದುಬಿಟ್ಟ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಎರಡೇ ದಿನದಲ್ಲಿ ಅದು ಇಡೀ ಕಾರ್ಖಾನೆಯ ಮಾತಾಯಿತು. ಮನುಷ್ಯ ಎಡಗಡೆಯ ಗಾಜನ್ನು ಎಡಗಣ್ಣಿನಲ್ಲಿ, ಬಲಗಡೆಯದನ್ನು ಬಲಗಣ್ಣಿನಲ್ಲಿ ನೋಡುತ್ತಾ ಕೂರುತ್ತಾನೆಯೇ ಎಂದು ಒಬ್ಬರೂ ಕೇಳಲಿಲ್ಲ. ಓದಿದವಳು ಎನಿಸಿಕೊಂಡ ನಾನೂ ಕೇಳಲಿಲ್ಲ.

ಕಣ್ಣಿನ ಡಾಕ್ಟರು ನೋಡಿ, ಎಡಗಣ್ಣಿನಲ್ಲಿ ಪೊರೆ ಈಗಷ್ಟೇ ಶುರುವಾಗಿದೆ, ಐವತ್ತೆಂಟು ವಯಸ್ಸಿಗೆ ಇದು ಸಾಮಾನ್ಯ, ಇನ್ನೂ ಐದಾರು ವರ್ಷ ಇದರಿಂದ ತೊಂದರೆಯಿಲ್ಲ ಎಂದರು. ಕಾರ್ಖಾನೆಗೆ ತಲುಪಿದ್ದು ಮೊದಲರ್ಧ ಮಾತ್ರ.

ಮಾವ ಮೊದಮೊದಲು ಜಗಳವಾಡಿದ. "ಪರದೇಲಿ ಇದ್ದದ್ದನ್ನೇ ಉಜ್ಜಿದೀನಿ" ಎಂದು ಸೂಪರ್‌ವೈಸರ್ ಮುಂದೆ ಹೇಳಿದ, ಮನೆಯಲ್ಲಿ ನನ್ನ ಮುಂದೆಯೂ ಹೇಳಿದ. ನಾನು ಏನು ಹೇಳಿದೆ ಗೊತ್ತೆ? "ಮಾವ, ಆ ಪರದೆ ನಂದು. ಅದು ಸುಳ್ಳು ಹೇಳಲ್ಲ."

ಅಮ್ಮನಿಗೆ ಹೊಸ ಕನ್ನಡಕ ಬೇಕಾಗಿದ್ದು ಆ ಹೊತ್ತಿನಲ್ಲೇ. ಅವಳ ಎಡಗಣ್ಣಿನ ನಂಬರ್ ಪ್ಲಸ್ ಒಂದೂವರೆಯಿಂದ ಎರಡೂಕಾಲಿಗೆ ಹೋಗಿತ್ತು. ಅಕ್ಕನ ಕನ್ನಡಕವೆಂದು ಮಾವ ಬೇರೆ ಯಾರ ಕೈಗೂ ಕೊಡಲಿಲ್ಲ. ಪರದೆಯನ್ನು ಮೂರು ಸಲ ನೋಡಿ, ಮೂರು ಸಲ ಮೀಟರಿನಲ್ಲಿಟ್ಟು, ಸ್ವತಃ ಮನೆಗೆ ತಂದುಕೊಟ್ಟ. ಅಮ್ಮ ಹಾಕಿಕೊಂಡು, "ಎಡಗಡೆ ಮಸುಕು ಕಣೋ" ಎಂದಳು. ನಾನು ಮರುದಿನ ಅಳೆಸಿದೆ. ಅವಳಿಗೆ ಬೇಕಾದ ನಂಬರ್ ಅದರಲ್ಲಿಲ್ಲ ಎಂದರು, ಇರುವುದು ಎಷ್ಟು ಎಂದು ನಾನು ಕೇಳಲೂ ಇಲ್ಲ.

ಮಾವ ಮುರಿದದ್ದು ಅವತ್ತೇ. ಜಗಳ ನಿಂತಿತು. ಸ್ಕೂಟರ್ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಬಸ್ಸಿನಲ್ಲಿ ಓಡಾಡತೊಡಗಿದ. ಮೆಟ್ಟಿಲಿಳಿಯುವಾಗ ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದ. ಬೆಳಗಿನ ಪೇಪರನ್ನು ಅಮ್ಮನ ಕೈಗೆ ಕೊಟ್ಟು, "ನೀನೇ ಓದಕ್ಕ" ಎನ್ನುತ್ತಿದ್ದ. ಅಮ್ಮನೋ, ಒಂದು ಕಣ್ಣು ಸರಿ, ಒಂದು ಕಣ್ಣು ಮಸುಕು, ಹೆಡ್‌ಲೈನ್ ಓದಿ ಉಳಿದದ್ದನ್ನು ಊಹಿಸಿ ಹೇಳುತ್ತಿದ್ದಳು.

ಸೂಪರ್‌ವೈಸರ್ ನನ್ನನ್ನು ಕರೆದು, ಬರುವ ಶನಿವಾರದಿಂದ ಮಾವನನ್ನು ಪ್ಯಾಕಿಂಗಿಗೆ ಹಾಕುತ್ತೇವೆ, ತಾನೇ ಒಪ್ಪಿ ಬರೆದುಕೊಟ್ಟರೆ ಮರ್ಯಾದೆಯಾಗಿ ಮುಗಿಯುತ್ತದೆ ಎಂದ. ಪ್ಯಾಕಿಂಗ್ ಎಂದರೆ ಬೇರೆಯವರು ಮಾಡಿದ ಕನ್ನಡಕವನ್ನು ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕುವುದು. ಪತ್ರವನ್ನು ಟೈಪ್ ಮಾಡಿದವಳು ನಾನೇ. ಅಡುಗೆಮನೆಯ ಮೇಜಿನ ಮೇಲಿಟ್ಟು, "ಸಾಕು ಮಾವ, ಹಠ ಮಾಡ್ಬೇಡ, ವಯಸ್ಸಾಯ್ತು" ಎಂದೆ.

"ಸಹಿ ಎಲ್ಲಿ ಹಾಕ್ಬೇಕು ತೋರ್ಸು" ಎಂದ.

ಬೆರಳಿಟ್ಟು ತೋರಿಸಿದೆ. ಹಾಕಿದ.

ಅದಾದ ಮೂರನೆಯ ದಿನ, ಶುಕ್ರವಾರ. ನಾನು ಬೆಳಿಗ್ಗೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿದ್ದೆ. ಅಮ್ಮ ಎರಡು ಕನ್ನಡಕ ಹಿಡಿದು ಬಂದಳು, ಒಂದು ಹಳೆಯದು, ಒಂದು ಹೊಸದು.

"ಲೇ, ನಿನ್ನ ಮಾವ ಎಡಗಡೆಗೆ ಹಳೇ ಗಾಜನ್ನೇ ಹಾಕಿದಾನೆ ಕಣೇ."

"ಹಳೇ ಗಾಜು ಹಳೇ ಕನ್ನಡಕದಲ್ಲೇ ಇದೆಯಲ್ಲಮ್ಮ."

"ಹಾಗಾದ್ರೆ ಅದರ ಅವಳಿ ಹಾಕಿದಾನೆ. ಬಲಗಣ್ಣು ಮುಚ್ಕೊಂಡು ಎರಡನ್ನೂ ಹಾಕಿ ಹಾಕಿ ನೋಡ್ದೆ. ಕ್ಯಾಲೆಂಡರ್ ಎರಡರಲ್ಲೂ ಅಷ್ಟೇ ಮಸುಕು. ಒಂಚೂರು ಹೆಚ್ಚಿಲ್ಲ, ಕಮ್ಮಿ ಇಲ್ಲ."

"ನಿನಗೆ ಬೇರೆ ಕೆಲಸ ಇಲ್ವಾ?"

"ಇಲ್ಲ. ಕಣ್ಣು ಕಾಣದೋರಿಗೆ ಏನು ಕೆಲಸ ಇರತ್ತೆ?"

ಬಾಚಣಿಗೆ ಕೂದಲಲ್ಲೇ ನಿಂತಿತು. ತಪ್ಪಾಗಿ ಓದುವವನು ಎರಡೂಕಾಲನ್ನು ಎರಡು ಎಂದು ಓದಬಹುದು, ಮೂರೂಕಾಲು ಎಂದು ಓದಬಹುದು. ಸರಿಯಾಗಿ ಹಳೆಯ ನಂಬರಿಗೇ ಹೋಗಿ ಬೀಳುವುದು ಹೇಗೆ? ಹಿಂದಿನ ಸಲ ಉಜ್ಜಿದವನು ಬೇರೆಯವನು, ಅಮ್ಮನ ಹಳೆಯ ನಂಬರ್ ಮಾವನಿಗೆ ಗೊತ್ತೇ ಇರಲಿಲ್ಲ.

ಎರಡೂ ಕನ್ನಡಕ ಚೀಲಕ್ಕೆ ಹಾಕಿಕೊಂಡು ಏಳು ಗಂಟೆಗೇ ಕಾರ್ಖಾನೆಗೆ ಹೋದೆ. ಮೀಟರಿನಲ್ಲಿ ಹಳೆಯ ಎಡಗಾಜು ಪ್ಲಸ್ ಒಂದೂವರೆ. ಹೊಸ ಎಡಗಾಜು ಪ್ಲಸ್ ಒಂದೂವರೆ. ಮೇಲೆ ಹೋಗಿ, ವಾಪಸು ಬಂದ ಹನ್ನೊಂದು ಕನ್ನಡಕದವರ ಹಿಂದಿನ ಆರ್ಡರುಗಳನ್ನು ಒಂದೊಂದಾಗಿ ತೆಗೆದೆ. ಹನ್ನೊಂದು ಜನರೂ ನಮ್ಮ ಹಳೆಯ ಗಿರಾಕಿಗಳು. ಮಾವ ಉಜ್ಜಿದ ತಪ್ಪು ನಂಬರ್ ಪ್ರತಿಯೊಬ್ಬರದೂ ಹೋದ ಸಲದ ನಂಬರ್. ಹನ್ನೆರಡು ಜನರ ಹಳೆಯ ನಂಬರನ್ನು ಕಣಿ ಹೇಳುವವರೂ ಹೇಳಲಾರರು. ಅದು ಗೊತ್ತಿದ್ದದ್ದು ನಮ್ಮ ಫೈಲಿಗೆ ಮಾತ್ರ.

ಇಲ್ಲಿ ನನ್ನ ಘನಂದಾರಿ ಕೆಲಸದ ಬಗ್ಗೆ ಹೇಳಬೇಕು. ನಮ್ಮ ಆರ್ಡರುಗಳೆಲ್ಲ ಒಂದು ದೊಡ್ಡ ಫೈಲಿನಲ್ಲಿವೆ. ಹಿಂದೆ ಪ್ರತಿ ಪ್ರೋಗ್ರಾಮೂ ತನಗೆ ಬೇಕಾದಾಗ ಅದನ್ನು ತಾನೇ ತೆರೆದು ತಾನೇ ಮುಚ್ಚುತ್ತಿತ್ತು. ಒಂದು ಮುಚ್ಚಲು ಮರೆಯುತ್ತಿತ್ತು, ಇನ್ನೊಂದು ಬೀಗ ಜಡಿದುಕೊಂಡು ಕೂರುತ್ತಿತ್ತು, ಮೂರನೆಯದು ಕಾದು ಕಾದು ನಿಂತುಹೋಗುತ್ತಿತ್ತು. ದಿನಕ್ಕೊಂದು ರಗಳೆ. ಹದಿನಾರು ವರ್ಷದ ಹಿಂದೆ ನಾನು ಎಲ್ಲಕ್ಕೂ ಸೇರಿಸಿ ಒಂದೇ ಮಾಡ್ಯೂಲ್ ಬರೆದೆ. ಫೈಲ್ ತೆರೆಯುವುದು, ಓದುವುದು, ಮುಚ್ಚುವುದು ಅದರ ಕೆಲಸ. ಯಾವ ಪ್ರೋಗ್ರಾಮಿಗೆ ಏನು ಬೇಕಾದರೂ ಅದನ್ನು ಕೇಳಬೇಕು. ಒಂದು ಯಂತ್ರದ ಪರದೆಗೆ ಫೈಲ್ ಒಮ್ಮೆ ತೆರೆದರೆ, ಆ ಪರದೆಯ ಪ್ರೋಗ್ರಾಂಗಳೆಲ್ಲ ಅದೇ ತೆರೆದ ಪುಸ್ತಕವನ್ನು ಹಂಚಿಕೊಳ್ಳಬೇಕು. ರಗಳೆ ನಿಂತಿತು. ನನ್ನನ್ನು ಮೆಚ್ಚಿ ಮಾತಾಡಿದರು. ಹೆತ್ತವರಿಗೆ ಹೆಗ್ಗಣ ಮುದ್ದು, ಅಂದಿನಿಂದ ಆ ಮಾಡ್ಯೂಲಿನ ಮೇಲೆ ಒಂದು ಮಾತು ಬಂದರೂ ನಾನು ಹರಿಹಾಯುತ್ತಿದ್ದೆ.

ನಾಲ್ಕು ತಿಂಗಳ ಹಿಂದೆ ಒಂದು ಹೊಸ ಪದ್ಧತಿ ಬಂತು. ಹಳೆಯ ಗಿರಾಕಿಗಳಿಗೆ ತಕರಾರು ಜಾಸ್ತಿ, ಅವರ ಆರ್ಡರೆಲ್ಲ ಅನುಭವಸ್ಥನ ಕೈಗೇ ಹೋಗಲಿ ಎಂದು ಮಾವನ ಯಂತ್ರಕ್ಕೆ ಕಳಿಸತೊಡಗಿದರು. ಅವನ ಪರದೆಯ ಮೇಲೆ, ಈ ಗಿರಾಕಿ ಹಿಂದೆ ಯಾವಾಗ ಬಂದಿದ್ದರು ಎಂಬ ತಾರೀಖು ಕಾಣಬೇಕಿತ್ತು. ಆ ಕೆಲಸವನ್ನು ನಮ್ಮ ಹುಡುಗಿಗೆ ಕೊಟ್ಟೆ. ಅವಳು ಎರಡು ದಿನದಲ್ಲಿ ಬರೆದು ತಂದಳು.

"ಮೇಡಂ, ಹಳೇ ಆರ್ಡರ್ ಹುಡುಕೋದಕ್ಕೆ ಫೈಲನ್ನ ಬೇರೆಯಾಗಿ ಇನ್ನೊಂದು ಸಲ ತೆರೆದಿದೀನಿ. ಒಂದೇ ಆದ್ರೆ ಗಲಿಬಿಲಿ ಆಗತ್ತೇನೋ ಅಂತ..."

"ಇಲ್ಲಿ ಯಾರೂ ಬೇರೆಯಾಗಿ ತೆರೆಯಲ್ಲ" ಎಂದೆ. "ಹದಿನಾರು ವರ್ಷದಿಂದ ಆಗದ ಗಲಿಬಿಲಿ ನೀನು ಬಂದಮೇಲೆ ಆಗತ್ತಾ? ಮಾಡ್ಯೂಲ್ ಇದೆ, ಅದನ್ನ ಕೇಳು."

ಅವಳು ಮತ್ತೆ ಬಾಯಿ ತೆರೆದಳು. ನಾನು ಕಣ್ಣು ಕೆಕ್ಕರಿಸಿದೆ. ಮುಚ್ಚಿಕೊಂಡಳು. ಅವಳ ಸಾಲುಗಳ ಮುಂದೆ ನಕ್ಷತ್ರ ಹಾಕಿಸಿದೆ. ನಕ್ಷತ್ರ ಹಾಕಿದ ಸಾಲು ಪ್ರೋಗ್ರಾಮಿನಲ್ಲಿ ಇರುತ್ತದೆ, ಆದರೆ ಕೆಲಸ ಮಾಡುವುದಿಲ್ಲ.

ಆದದ್ದು ಇಷ್ಟು. ತೆರೆದ ಪುಸ್ತಕ ಒಂದು, ಎಲ್ಲಿ ಓದುತ್ತಿದ್ದೇವೆ ಎಂಬ ಗುರುತಿಗೆ ಅದರ ಮೇಲಿಟ್ಟ ಬೆರಳೂ ಒಂದೇ. ಪ್ರೋಗ್ರಾಂ ಇವತ್ತಿನ ಆರ್ಡರಿನ ಮೇಲೆ ಬೆರಳಿಟ್ಟು ಬಲಗಣ್ಣಿನ ನಂಬರ್ ತೆಗೆದುಕೊಂಡಿತು. ನಡುವೆ, ಇವರು ಹಿಂದೆ ಯಾವಾಗ ಬಂದಿದ್ದರು ಎಂದು ಮಾಡ್ಯೂಲನ್ನು ಕೇಳಿತು. ಮಾಡ್ಯೂಲ್ ಅದೇ ಪುಸ್ತಕದಲ್ಲಿ ಅದೇ ಬೆರಳನ್ನು ಹಳೆಯ ಆರ್ಡರಿಗೆ ಸರಿಸಿ ತಾರೀಖು ಹೇಳಿತು. ಪ್ರೋಗ್ರಾಂ ಥ್ಯಾಂಕ್ಸ್ ಎಂದು, ಬೆರಳು ಎಲ್ಲಿತ್ತೋ ಅಲ್ಲಿಂದ ಎಡಗಣ್ಣಿನ ನಂಬರ್ ತೆಗೆದುಕೊಂಡಿತು. ಉಳಿದ ಏಳು ಯಂತ್ರಗಳು ಈ ಪ್ರಶ್ನೆಯನ್ನೇ ಕೇಳುವುದಿಲ್ಲ. ನಂಬರ್ ಬದಲಾಗದ ಗಿರಾಕಿಗಳಿಗೆ ತಪ್ಪು ಗೊತ್ತಾಗುವುದೇ ಇಲ್ಲ. ಸೂಪರ್‌ವೈಸರ್ ಕೋಣೆಯಲ್ಲಿ ನೋಡುವುದು ಬೇರೆ ಪ್ರೋಗ್ರಾಂ, ಅದು ಸರಿಯಾಗೇ ತೋರಿಸುತ್ತಿತ್ತು.

ಪರೀಕ್ಷೆಗೆಂದು ಇಟ್ಟ ಪರದೆಯಲ್ಲಿ ಅಮ್ಮನ ಟ್ರೇ ನಂಬರ್ ಒತ್ತಿದೆ. ಎಡಗಣ್ಣು, ಪ್ಲಸ್ ಒಂದೂವರೆ ಎಂದು ತೋರಿಸಿತು.

ಹುಡುಗಿ ಅಷ್ಟರಲ್ಲಿ ಬಂದು ನನ್ನ ಹಿಂದೆ ನಿಂತಿದ್ದಳು. ಎಲ್ಲವನ್ನೂ ತೋರಿಸಿದೆ. ಅವಳು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಹೇಳ್ಬಿಡು" ಎಂದೆ.

"ಏನನ್ನ ಮೇಡಂ?"

"ನಾನು ಅವತ್ತೇ ಹೇಳಿದ್ದೆ ಅಂತ."

"ನೀವು ಬೈತೀರ."

"ಬೈಯಲ್ಲ."

"ನಾನು ಅವತ್ತೇ ಹೇಳಿದ್ದೆ" ಎಂದಳು, ಬಹಳ ಮೆತ್ತಗೆ.

ಅವಳ ಸಾಲುಗಳು ನಕ್ಷತ್ರ ಹೊತ್ತುಕೊಂಡು ಅಲ್ಲೇ ಇದ್ದವು. ನಕ್ಷತ್ರ ತೆಗೆದೆ, ನನ್ನ ಸಾಲು ಅಳಿಸಿದೆ. ಹನ್ನೆರಡು ಟ್ರೇಗಳನ್ನೂ ಮತ್ತೆ ಒತ್ತಿ ನೋಡಿದೆವು, ಎಲ್ಲವೂ ಸರಿ ಬಂದವು. ಸರಿಮಾಡಲು ಹಿಡಿದದ್ದು ಇಪ್ಪತ್ತು ನಿಮಿಷ.

ಸೂಪರ್‌ವೈಸರ್ ನನ್ನ ಮಾತನ್ನು ಪೂರ್ತಿ ಕೇಳಿ ಬಾಗಿಲು ಹಾಕಿಕೊಂಡು ಬಂದ. ಕೆಟ್ಟವನಲ್ಲ. "ಮೇಡಂ, ಸಿಸ್ಟಂ ತೊಂದರೆ ಇತ್ತು, ಸರಿಯಾಯ್ತು ಅಂತ ಒಂದು ಮೇಲ್ ಹಾಕಿ. ಅವರ ಪತ್ರ ಹರಿದುಹಾಕ್ತೀನಿ. ನಿಮ್ಮ ಹೆಸರು ಯಾಕೆ ಮಧ್ಯ?" ಎಂದ. ಸುಳ್ಳೇಕೆ ಹೇಳಲಿ, ಅರ್ಧ ನಿಮಿಷ ಅದು ನನಗೂ ಹಿತವಾಗಿಯೇ ಕೇಳಿಸಿತು. ಮಾವನಿಗೆ ಹೇಳಿ ಬರುತ್ತೇನೆ ಎಂದು ಎದ್ದೆ.

ಮಾವನದು ಮಧ್ಯಾಹ್ನ ಹನ್ನೆರಡರಿಂದ ಆರರ ಷಿಫ್ಟ್. ಮೂರನೇ ಯಂತ್ರದ ಮುಂದಿನ ಕೊನೆಯ ದಿನವೆಂದು ಅರ್ಧ ಗಂಟೆ ಮೊದಲೇ ಬಂದು ಡ್ರಾಯರ್ ಖಾಲಿ ಮಾಡುತ್ತಿದ್ದ. ಸ್ಕ್ರೂಡ್ರೈವರುಗಳನ್ನು ಗಾತ್ರದ ಪ್ರಕಾರ ಬಟ್ಟೆಯಲ್ಲಿ ಸುತ್ತುತ್ತಿದ್ದ. ನಾನು ನಿಂತುಕೊಂಡೇ ಹೇಳಿದೆ. ಬೆರಳಿನ ವಿಷಯ, ಹುಡುಗಿಯ ವಿಷಯ, ನನ್ನ ವಿಷಯ, ಯಾವುದನ್ನೂ ಬಿಡಲಿಲ್ಲ.

"ಅಂದ್ರೆ ನನ್ನ ಕಣ್ಣು ಸರಿಯಾಗಿದೆ."

"ಸರಿಯಾಗಿದೆ ಮಾವ."

"ಪರದೇಲಿ ಇದ್ದದ್ದನ್ನೇ ಉಜ್ಜಿದ್ದೆ."

"ಹೂಂ."

"ನಾನು ಹಾಗಂದಾಗ ನೀನೇನಂದೆ?"

ನಾನು ಡ್ರಾಯರಿನ ಕಡೆ ನೋಡಿದೆ.

"ಹೇಳೇ, ಏನಂದೆ?"

"ಪರದೆ ಸುಳ್ಳು ಹೇಳಲ್ಲ ಅಂದೆ."

ಚಿಕ್ಕಂದಿನಿಂದ ನಾನು ಏನು ಒಡೆದರೂ, ಏನು ಕಳೆದರೂ, ಮಾವ "ಹೋಗ್ಲಿ ಬಿಡು ಪುಟ್ಟಿ" ಎನ್ನುತ್ತಿದ್ದ. ಈಗಲೂ ಅದನ್ನೇ ಕಾಯುತ್ತಾ ನಿಂತಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವನು ಅನ್ನಲಿಲ್ಲ.

"ಎರಡು ತಿಂಗಳು ಕಣೇ" ಎಂದ. "ರಸ್ತೆ ದಾಟೋವಾಗ ಪಕ್ಕದೋರು ದಾಟಲಿ ಅಂತ ಕಾಯ್ತಿದ್ದೆ. ಎದುರಿಗೆ ಬಂದೋರು ಪರಿಚಯದೋರೋ ಅಲ್ವೋ ಅಂತ ಅನುಮಾನ ಬಂದು ತಲೆ ತಗ್ಗಿಸ್ತಿದ್ದೆ. ಇವರೆಲ್ಲ ಹೇಳಿದ್ದಕ್ಕೆ ನಾನು ನಂಬಲಿಲ್ಲ. ನೀನು ಹೇಳಿದ್ದಕ್ಕೆ ನಂಬಿದೆ."

"ತಪ್ಪಾಯ್ತು ಮಾವ. ಎಲ್ಲರಿಗೂ ಮೇಲ್ ಹಾಕ್ತೀನಿ, ನನ್ನ ಹೆಸರು ಹಾಕೇ ಹಾಕ್ತೀನಿ."

"ಮೇಲೂ ಬೇಡ ಗೀಲೂ ಬೇಡ. ನನ್ನ ಕುರುಡ ಅಂದಿದ್ದು ಬಾಯಲ್ಲಿ. ಬಾಯಲ್ಲೇ ಹೇಳು."

ಹನ್ನೆರಡಕ್ಕೆ ಷಿಫ್ಟ್ ಬದಲಾಗುವಾಗ ಹೋಗುವವರು ಬರುವವರು ಎಲ್ಲ ಸೇರಿ ನಲವತ್ತು ಜನ ಕೆಳಗಿರುತ್ತಾರೆ, ಹತ್ತು ನಿಮಿಷ ಯಂತ್ರಗಳು ನಿಂತಿರುತ್ತವೆ. ನಾನು ಮೂರನೇ ಯಂತ್ರದ ಪಕ್ಕ ನಿಂತು ಚಪ್ಪಾಳೆ ತಟ್ಟಿ ಕರೆದೆ. ಇಪ್ಪತ್ತು ವರ್ಷದಲ್ಲಿ ಕೆಳಗಿನವರ ಮುಂದೆ ನಿಂತು ಮಾತಾಡಿದವಳಲ್ಲ, ಮೇಲಿನಿಂದ ಬೈದವಳು. ಹನ್ನೆರಡು ಕನ್ನಡಕಗಳ ತಪ್ಪು ನನ್ನ ಪ್ರೋಗ್ರಾಮಿನದು, ಪರದೆ ಹಳೆಯ ನಂಬರ್ ತೋರಿಸುತ್ತಿತ್ತು, ಇವರು ತೋರಿಸಿದ್ದನ್ನು ತೋರಿಸಿದ ಹಾಗೇ ಉಜ್ಜಿದ್ದಾರೆ, ನಮ್ಮ ಹುಡುಗಿ ಮೊದಲೇ ಎಚ್ಚರಿಸಿದ್ದಳು, ನಾನು ಬಾಯಿ ಮುಚ್ಚಿಸಿದೆ ಎಂದು ಹೇಳಿದೆ.

ಪಾಲಿಶ್ ವಿಭಾಗದವನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು, "ಡಾಕ್ಟ್ರೇ ಪೊರೆ ಅಂದ್ರಂತಲ್ಲ ಮೇಡಂ?" ಎಂದ.

"ಪೊರೆ ಇದ್ದದ್ದು ನನ್ನ ತಲೇಲಿ" ಎಂದೆ. ಯಾರೂ ನಗಲಿಲ್ಲ.

ಸೂಪರ್‌ವೈಸರ್ ಪತ್ರವನ್ನು ಅಲ್ಲೇ ನಾಲ್ಕು ತುಂಡು ಮಾಡಿ, "ನಿಮ್ಮ ಯಂತ್ರ ನಿಮಗೇ ಸಾರ್" ಎಂದು ಮಾವನ ಕೈ ಕುಲುಕಿದ. ಜನ ಚದುರಿದರು. ಯಂತ್ರಗಳು ಒಂದೊಂದಾಗಿ ಶುರುವಾದವು. ನಾನು ಮೇಲೆ ಹೋಗಲು ತಿರುಗಿದೆ.

ಮಾವ ಕುರ್ಚಿಯಲ್ಲಿ ಕೂತು ಮೊದಲ ಟ್ರೇ ಎಳೆದುಕೊಂಡು ನಂಬರ್ ಒತ್ತಿದ. ಯಾರೋ ಅಪರಿಚಿತ ಗಿರಾಕಿ. ಪರದೆಯ ಕಡೆ ನೋಡಿದ. ಗಾಜನ್ನು ಕೈಗೆತ್ತಿಕೊಂಡ. ಮತ್ತೆ ಕೆಳಗಿಟ್ಟ.

"ಇಲ್ಲಿ ಬಾ" ಎಂದ. "ಎಡಗಣ್ಣು ಎಷ್ಟಿದೆ ಓದು."

"ಮೈನಸ್ ಒಂದೂಮುಕ್ಕಾಲು."

"ನಂಗೂ ಹಾಗೇ ಕಾಣ್ತು."

"ಹಾಗೇ ಇದೆ ಮಾವ."

ಗಾಜನ್ನು ಯಂತ್ರಕ್ಕೆ ಕೂರಿಸಿದ. ಗುಂಡಿಯ ಮೇಲೆ ಬೆರಳಿಟ್ಟ. ಒತ್ತಲಿಲ್ಲ.

"ಇನ್ನೊಂದ್ಸಲ ಓದು."

ಓದಿದೆ. ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡುತ್ತಿದ್ದಾನೆ, ಮಾಡಲಿ ಎಂದುಕೊಂಡೆ. ಮುಖ ನೋಡಿದೆ. ಸಿಟ್ಟಿರಲಿಲ್ಲ. ಅವನು ಹೆದರಿದ್ದ. ಮೂವತ್ತನಾಲ್ಕು ವರ್ಷ ಕೂತ ಕುರ್ಚಿಯಲ್ಲಿ ಕೂತು, ಕೈಯಳತೆಯಲ್ಲಿದ್ದ ದೊಡ್ಡ ಅಕ್ಷರಗಳನ್ನು ನೋಡುತ್ತಾ ಹೆದರಿದ್ದ.

ಒಂದು ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಹುಡುಗಿ ಮೇಲಿನಿಂದ ಫೋನ್ ಮಾಡಿದಳು, ಇವತ್ತು ನೀನೇ ನೋಡಿಕೋ ಎಂದೆ. ಆರು ಗಂಟೆಯೊಳಗೆ ಇಪ್ಪತ್ತಾರು ಟ್ರೇ ಮುಗಿದವು. ಪ್ರತಿಯೊಂದರಲ್ಲೂ ಮೊದಲು ಅವನು ಮನಸ್ಸಿನಲ್ಲಿ ಓದಿಕೊಳ್ಳುತ್ತಿದ್ದ, ಆಮೇಲೆ ನಾನು ಗಟ್ಟಿಯಾಗಿ ಓದುತ್ತಿದ್ದೆ, ಎರಡು ಸಲ, ಕೆಲವಕ್ಕೆ ಮೂರು ಸಲ. ಒಂದರಲ್ಲೂ ಅವನದು ತಪ್ಪಿರಲಿಲ್ಲ.

ಕೊನೆಯ ಟ್ರೇ ಪಕ್ಕಕ್ಕಿಟ್ಟು ಯಂತ್ರ ನಿಲ್ಲಿಸಿದ. ಸ್ಕ್ರೂಡ್ರೈವರುಗಳನ್ನು ಬಟ್ಟೆಯಿಂದ ಬಿಚ್ಚಿ ಡ್ರಾಯರಿಗೆ ಹಾಕಿದ. ನನ್ನ ಕಡೆ ನೋಡದೆ ಕೇಳಿದ.

"ನಾಳೇನೂ ಬರ್ತ್ಯಾ?"

"ಬರ್ತೀನಿ" ಎಂದೆ.